ಓರಗಿತ್ತಿಯ ಪಾಲಿನ ಹಾಲು

ಶಿರಸಿಯ ದವಾಖಾನೆಯಲ್ಲಿ ನನ್ನ ಓರಗಿತ್ತಿಗೆಂದು ಕೊಟ್ಟ ಹಾಲನ್ನು ಹತ್ತೊಂಬತ್ತು ದಿನ ನಾನು ಕುಡಿದೆ. ದಿನಕ್ಕೆ ನಾಲ್ಕು ಲೋಟ. ಅವಳು ಮಂಚದ ಮೇಲೆ ಮಲಗಿ ದಿನದಿನಕ್ಕೆ ಕೆಡುತ್ತಿದ್ದಳು, ನಾನು ಮಂಚದ ಕೆಳಗೆ ಕೂತು ಕುಡಿಯುತ್ತಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಹೇಳಿದರೆ ಅಲ್ಲಿಯವರೆಗೆ ನನ್ನನ್ನು ಒಳ್ಳೆಯವಳೆಂದು ತಿಳಿದುಕೊಂಡು ಓದಿರುತ್ತೀರಿ, ಅದು ಇನ್ನೊಂದು ಮೋಸ.

ಮುಂಬಯಿ ಸರಕಾರ ಹೋಗಿ ಮೈಸೂರು ಸರಕಾರ ಬಂದು ನಾಲ್ಕೈದು ವರ್ಷ ಆಗಿತ್ತು. ನಮ್ಮದು ಬನವಾಸಿ ಕಡೆಯ ಹಳ್ಳಿ, ಲಿಂಗ ಕಟ್ಟಿಕೊಂಡ ಒಕ್ಕಲುತನದ ಮನೆ. ಅಣ್ಣ ತಮ್ಮ ಇಬ್ಬರಿಗೆ ನಾವಿಬ್ಬರು ಹೆಂಡರು. ನಾನು ಹಿರಿಯ ಸೊಸೆ, ಅವಳು ಕಿರಿಯ ಸೊಸೆ. ಅವಳ ತವರು ಯಲ್ಲಾಪುರದ ಆಚೆ, ದೂರ. ನಮ್ಮಿಬ್ಬರ ನಡುವೆ ಅಂಥ ಪ್ರೀತಿಯೇನೂ ಇರಲಿಲ್ಲ, ದೊಡ್ಡ ಜಗಳವೂ ಇರಲಿಲ್ಲ. ಅವಳು ರೊಟ್ಟಿ ದಪ್ಪ ತಟ್ಟುತ್ತಾಳೆ ಎಂದು ನಾನು ಅನ್ನುತ್ತಿದ್ದೆ, ನನ್ನ ಬಾಯಿ ಜೋರು ಎಂದು ಅವಳು ಅನ್ನುತ್ತಿದ್ದಳು. ಎರಡೂ ನಿಜ.

ಎರಡನೇ ಹೆರಿಗೆಯಲ್ಲಿ ಅವಳ ಕೂಸು ಉಳಿಯಲಿಲ್ಲ. ಕೂಸು ಇಲ್ಲದಿದ್ದರೂ ಬಾಣಂತನ ಬಿಡುವಂತಿಲ್ಲ. ಕತ್ತಲೆ ಕೋಣೆ, ಒಣ ಅನ್ನ, ಕಾಳುಮೆಣಸಿನ ಪುಡಿ, ಬೆಳ್ಳುಳ್ಳಿ. ಬೇಳೆ ಇಲ್ಲ, ಹಾಲು ಮೊಸರು ಇಲ್ಲ, ನೀರು ಗುಟುಕು ಲೆಕ್ಕ. ಅದರ ಮೇಲೆ ಭೇದಿ ಹತ್ತಿತು. ಭೇದಿಗೆ ಗಂಜಿಯ ತಿಳಿ ಬಿಟ್ಟರೆ ಬೇರೇನೂ ಕೊಡಲಿಲ್ಲ. ಎರಡು ತಿಂಗಳು ಹಾಗೇ ಹೋಯಿತು. ಆಮೇಲೆ ಅವಳ ಪಾದ ಉಬ್ಬಿದವು, ಮೊಣಕಾಲು ಉಬ್ಬಿದವು, ಮುಖ ಗುಂಡಗಾಯಿತು. ನೋಡಲು ಬಂದ ಹೆಂಗಸರು, "ಬಾಣಂತಿ ಮೈ ತುಂಬ್ಕೊಂಡಾಳ, ಚಲೋ ಆತು" ಎಂದರು. ನನ್ನ ನಾಲ್ಕು ಬಾಣಂತನದಲ್ಲಿ ನನ್ನ ಮೈ ಹಾಗೆ ತುಂಬಿರಲಿಲ್ಲ. ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

ಒಂದು ದಿನ ಅವಳ ಕಾಲಿಗೆ ಎಣ್ಣೆ ಹಚ್ಚುವಾಗ ಅತ್ತೆಯ ಹೆಬ್ಬೆರಳು ಒಳಗೆ ಇಳಿಯಿತು. ಬೆರಳು ತೆಗೆದರೂ ಕುಳಿ ಹಾಗೇ ಉಳಿಯಿತು, ನಾದಿದ ಹಿಟ್ಟಿನ ಮೇಲೆ ಒತ್ತಿದ ಹಾಗೆ. ಅತ್ತೆ ಎಣ್ಣೆ ಬಟ್ಟಲು ಬದಿಗಿಟ್ಟರು.

"ಇದು ಮಾಂಸ ಅಲ್ಲ. ನೀರು," ಎಂದರು.

ಊರಿನ ಪಂಡಿತರ ಕಷಾಯ ಎರಡು ವಾರ ನಡೆಯಿತು. ಹೊಟ್ಟೆಯೂ ಉಬ್ಬಿತು. ಮಲಗಿದರೆ ಉಸಿರು ಕಟ್ಟುತ್ತದೆ ಎಂದು ಅವಳು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡತೊಡಗಿದಳು. ಆಗ ನನ್ನ ಮೈದುನ, ಅಂದರೆ ಅವಳ ಗಂಡ, ಗಾಡಿ ಕಟ್ಟಿದ. ಅತ್ತೆಗೆ ಇಷ್ಟವಿರಲಿಲ್ಲ. ಆದರೂ ಗಾಡಿಯ ಹತ್ತಿರ ಬಂದು ನನ್ನ ಕೈಗೆ ಅಕ್ಕಿಯ ಗಂಟು ಕೊಟ್ಟು ಹೇಳಿದರು:

"ಡಾಕ್ಟರ ಸೂಜಿ ಚುಚ್ಚಲಿ, ಗುಳಿಗಿ ಕೊಡಲಿ, ಬ್ಯಾಡ ಅನ್ನೂದಿಲ್ಲ. ಬಾಯಿಗೆ ಹಾಕೂದು ಮಾತ್ರ ನಾ ಹೇಳಿದ್ದು. ಉಪ್ಪಿಲ್ಲದ ಗಂಜಿ. ಹಾಲು ಮುಟ್ಟಿಸಬ್ಯಾಡ, ಬ್ಯಾಳಿ ಮುಟ್ಟಿಸಬ್ಯಾಡ. ಬಾತ ಮೈಗೆ ಹಾಲು ಬಿದ್ರ ನಂಜಾಗಿ ಕೀವು ತುಂಬತೈತಿ. ನಿನ್ನ ಕೈಯಾಗ ಕೊಟ್ಟೀನಿ ಅಕಿನ್ನ."

"ಹೂನ್ರಿ ಅತ್ತಿ," ಎಂದೆ. ನನಗೂ ಅದರಲ್ಲಿ ಅನುಮಾನವಿರಲಿಲ್ಲ. ಗಾಯವಾದವರಿಗೆ, ಬಾವು ಬಂದವರಿಗೆ ಹಾಲು ನಂಜು ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದದ್ದೇ.

ದವಾಖಾನೆಯ ಡಾಕ್ಟರರು ಘಟ್ಟದ ಕೆಳಗಿನವರು. ತೆಳ್ಳಗೆ, ಕನ್ನಡಕ, ಸಿಟ್ಟು ಮಾಡುವವರಲ್ಲ. ಮೊದಲ ದಿನವೇ ಅವಳ ಮೂತ್ರವನ್ನು ಗಾಜಿನ ನಳಿಗೆಯಲ್ಲಿ ತೆಗೆದುಕೊಂಡು ಸ್ಪಿರಿಟ್ ದೀಪದ ಮೇಲೆ ಹಿಡಿದು ಕಾಸಿದರು. ಅದು ತಿಳಿಯಾಗಿಯೇ ಉಳಿಯಿತು. ಅವರಿಗೆ ಅದು ಒಳ್ಳೆಯದೆಂದು ತೋರಿತು.

"ಮೂತ್ರಪಿಂಡ ಸರಿ ಇದೆ. ಸೋರಿಹೋಗುತ್ತಾ ಇದ್ದರೆ ಇದು ಬೆಳ್ಳಗೆ ಒಡೆದ ಹಾಲಿನ ಹಾಗೆ ಆಗ್ತಿತ್ತು," ಎಂದರು.

ಆಮೇಲೆ ರಕ್ತ ತೆಗೆದು ಹುಬ್ಬಳ್ಳಿಗೆ ಕಳಿಸಿದರು. ನಾಲ್ಕು ದಿನಕ್ಕೆ ಅಲ್ಲಿಂದ ಚೀಟಿ ಬಂತು. ಅದನ್ನು ಹಿಡಿದುಕೊಂಡು ಬಂದು ನನಗೆ ತಿಳಿಸಿ ಹೇಳಿದರು. ನಮ್ಮಂಥವರಿಗೆ ಕೂತು ತಿಳಿಸಿ ಹೇಳುವ ಡಾಕ್ಟರರನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ, ಆಮೇಲೂ ಹೆಚ್ಚು ನೋಡಲಿಲ್ಲ.

"ನೋಡು ತಂಗಿ, ರಕ್ತದಲ್ಲಿ ಅಲ್ಬ್ಯುಮಿನ್ ಅಂತ ಒಂದು ಸತ್ವ ಇರ್ತದೆ. ಮೊಟ್ಟೆಯೊಳಗಿನ ಬಿಳಿ ಇರ್ತದಲ್ಲ, ಆ ಜಾತಿಯದು. ಅದು ಇದ್ದರೆ ನೀರು ರಕ್ತದಲ್ಲೇ ನಿಲ್ತದೆ. ಅದು ಕಡಿಮೆ ಆದರೆ ನೀರು ಹೊರಗೆ ಹೋಗಿ ಕಾಲಿಗೆ, ಹೊಟ್ಟೆಗೆ ಸೇರ್ತದೆ. ಇವಳಲ್ಲಿ ಅರ್ಧಕ್ಕರ್ಧವೂ ಇಲ್ಲ."

"ಗದ್ದಿ ಬದು ಸವದಂಗ್ರಿ," ಎಂದೆ.

"ಹಾಗೇ. ನೀವು ಬದು ಬಿಟ್ಟು ಬರೇ ನೀರು ಹೊರಗೆ ಚೆಲ್ತಾ ಕೂತಿದ್ದೀರಿ. ಬದು ಕಟ್ಟಬೇಕು. ಮೊಟ್ಟೆ ತಿಂತೀರೋ?"

ನರ್ಸ್‌ಬಾಯಿ ಪಕ್ಕದಲ್ಲಿದ್ದವಳು ಬಾಯಿ ಹಾಕಿದಳು. "ಅವರು ಲಿಂಗ ಕಟ್ಟಿದವರು, ಸಾಹೇಬ್ರೇ. ಮೊಟ್ಟೆ ಅಂದರೆ ಮಂಚ ಬಿಟ್ಟು ಓಡ್ತಾರೆ."

"ಹಾಗಾದರೆ ಹಾಲು. ದಿನಕ್ಕೆ ನಾಲ್ಕು ಲೋಟ. ಇಲ್ಲಿ ಹಾಲಿನ ಪುಡಿ ಇದೆ, ಅದನ್ನೂ ಸೇರಿಸಿ ಗಟ್ಟಿ ಮಾಡಿ ಕೊಡ್ತಾರೆ. ಬೇಯಿಸಿದ ಹೆಸರುಕಾಳು. ಉಪ್ಪು ಮಾತ್ರ ಬೇಡ."

ಉಪ್ಪು ಬೇಡ ಎಂದದ್ದು ಕೇಳಿ ನನಗೆ ಧೈರ್ಯ ಬಂತು. ಅತ್ತೆ ಹೇಳಿದ್ದೂ ಅದೇ. ಅಂದರೆ ನಮ್ಮ ಪಥ್ಯ ಇವರಿಗೂ ಗೊತ್ತಿದೆ, ಹಾಲಿನ ವಿಷಯ ಮಾತ್ರ ಘಟ್ಟದ ಕೆಳಗೆ ಬೇರೆ ಇರಬೇಕು ಎಂದುಕೊಂಡೆ. ಅವರು ಮೀನು ತಿನ್ನುವ ಸೀಮೆಯವರು, ಅವರ ಮೈಗೆ ಒಗ್ಗುವುದು ನಮ್ಮ ಮೈಗೆ ಒಗ್ಗುವುದಿಲ್ಲ. ಹೀಗೆ ನಾನೇ ಲೆಕ್ಕ ಹಾಕಿದೆ, ಯಾರನ್ನೂ ಕೇಳಲಿಲ್ಲ.

ಮೊದಲ ಲೋಟ ಬಂತು. ಹಿತ್ತಾಳೆಯ ದೊಡ್ಡ ಲೋಟ, ಬಿಸಿ ಹಾಲು, ಮೇಲೆ ಕೆನೆ. ನರ್ಸ್‌ಬಾಯಿ ಮಂಚದ ತಲೆಗೆ ಒಂದು ರಟ್ಟು ಕಟ್ಟಿ, ನನಗೆ ತುಂಡು ಪೆನ್ಸಿಲ್ ಕೊಟ್ಟಳು.

"ಬರೆಯಲಿಕ್ಕೆ ಬರ್ತದಾ?"

"ಎರಡನೇ ಇಯತ್ತೆ ಕಲಿತೀನ್ರಿ."

"ಅಷ್ಟು ಬೇಡ. ಒಂದು ಲೋಟ ಕುಡಿಸಿದರೆ ಒಂದು ಗೆರೆ ಎಳಿ."

ಅವಳು ಹೋದ ಮೇಲೆ ನಾನೂ ಓರಗಿತ್ತಿಯೂ ಆ ಲೋಟವನ್ನು ನೋಡುತ್ತ ಕೂತೆವು. ಅವಳ ಕಣ್ಣು ರೆಪ್ಪೆಗಳ ಬಾವಿನ ನಡುವೆ ಎರಡು ಗೆರೆಯಷ್ಟೇ ಕಾಣುತ್ತಿದ್ದವು.

"ಏನ್ ಮಾಡೂದಕ್ಕಾ?" ಎಂದಳು.

"ಅತ್ತಿ ಬ್ಯಾಡ ಅಂದಾರಲ್ಲ."

"ಹೂಂ. ಬ್ಯಾಡ. ಚೆಲ್ಲಿಬಿಡು."

ಚೆಲ್ಲಲು ಎದ್ದೆ. ಹೊರಗೆ ಮೋರಿ ಇತ್ತು. ಅದರಲ್ಲಿ ಕೀವಿನ ಬಟ್ಟೆ ತೊಳೆದ ನೀರು ಹರಿಯುತ್ತಿತ್ತು. ದನ ಕಟ್ಟಿದ ಮನೆಯವಳು ಅಂಥ ಮೋರಿಗೆ ಹಾಲು ಸುರಿಯುವುದು ಹೇಗೆ? ನಮ್ಮಲ್ಲಿ ಒಡೆದ ಹಾಲನ್ನೂ ಗಿಡದ ಬುಡಕ್ಕೆ ಹಾಕುತ್ತೇವೆ, ಯಾರೂ ತುಳಿಯದ ಕಡೆ. ದವಾಖಾನೆಯ ಅಂಗಳದಲ್ಲಿ ಎಲ್ಲ ಕಡೆ ಜನ. ಲೋಟ ಹಿಡಿದು ಹೋಗಿ ಲೋಟ ಹಿಡಿದೇ ವಾಪಸು ಬಂದೆ. ಮಂಚದ ಕೆಳಗೆ ನನ್ನ ಚಾಪೆ. ಅದರ ಮೇಲೆ ಕೂತು ಗಟಗಟ ಕುಡಿದುಬಿಟ್ಟೆ. ಎದ್ದು ಪೆನ್ಸಿಲ್ ತೆಗೆದುಕೊಂಡು ರಟ್ಟಿನ ಮೇಲೆ ಒಂದು ಗೆರೆ ಎಳೆದೆ. ಶಾಲೆ ಬಿಟ್ಟ ಮೇಲೆ ನಾನು ಬರೆದದ್ದು ಅದೇ ಮೊದಲು.

ಇಲ್ಲಿಯವರೆಗಿನದು ತಿಳಿಯದೆ ಮಾಡಿದ್ದು. ಮುಂದಿನದು ಹಾಗಲ್ಲ.

ನಮ್ಮ ಮನೆಯಲ್ಲಿ ಮೂರು ಎಮ್ಮೆ ಇದ್ದವು. ಹಿಂಡುವವಳು ನಾನು, ಕಾಸುವವಳು ನಾನು, ಹೆಪ್ಪು ಹಾಕುವವಳು ನಾನು. ಒಂದು ಲೋಟ ಹಾಲು ತುಂಬಿಸಿಕೊಂಡು ಕುಡಿದದ್ದು ಮದುವೆಯಾದ ಮೇಲೆ ಒಂದು ದಿನವೂ ಇಲ್ಲ. ಗಂಡಸರಿಗೆ, ಮಕ್ಕಳಿಗೆ, ಬೆಣ್ಣೆಗೆ. ನಮಗೆ ಮಜ್ಜಿಗೆ. ಅದು ಅನ್ಯಾಯ ಎಂದೂ ಅನ್ನಿಸಿರಲಿಲ್ಲ. ಹಾಲು ಶುರುವಾದ ಮೂರನೇ ದಿನಕ್ಕೆ ನರ್ಸ್‌ಬಾಯಿಯ ಚಪ್ಪಲಿ ಸಪ್ಪಳಕ್ಕೆ ನನ್ನ ಬಾಯಲ್ಲಿ ನೀರು ಬರತೊಡಗಿತು. ಐದನೇ ದಿನಕ್ಕೆ ಹಾಲು ತಡವಾದರೆ ಸಿಟ್ಟು ಬರುತ್ತಿತ್ತು. ಹೆಸರುಕಾಳನ್ನೂ ನಾನೇ ತಿಂದೆ. ಅವಳಿಗೆ ನಾನು ಅಂಗಳದ ಒಲೆಯಲ್ಲಿ ಬೇಯಿಸಿದ ಗಂಜಿ.

"ಕುಡಿದಳಾ?" ಎಂದು ನರ್ಸ್‌ಬಾಯಿ ಕೇಳುತ್ತಿದ್ದಳು.

"ಕುಡದ್ಲ್ರಿ," ಎನ್ನುತ್ತಿದ್ದೆ. ಬಾಯಿ ಒರೆಸಿಕೊಂಡೇ.

ಆಚೆ ಮಂಚದಲ್ಲಿ ಸಿದ್ದಾಪುರದ ಹೆಗ್ಗರಣೆ ಕಡೆಯ ಹೆಗಡೆಯವರ ಮನೆಯ ಹವ್ಯಕ ಅಜ್ಜಿ ಇದ್ದಳು. ತೊಡೆಯ ಮೂಳೆ ಮುರಿದು, ಕಾಲಿಗೆ ಕಲ್ಲಿನ ಭಾರ ಕಟ್ಟಿ ಮಲಗಿಸಿದ್ದರು. ಅಲ್ಲಾಡುವಂತಿಲ್ಲ, ಹಾಗಾಗಿ ನೋಡುವುದೊಂದೇ ಅವಳ ಕೆಲಸ. ಎಂಟೊಂಬತ್ತು ದಿನ ಸುಮ್ಮನಿದ್ದಳು. ಆಮೇಲೆ ಒಂದು ಮಧ್ಯಾಹ್ನ ಕರೆದಳು.

"ಏ ಕೂಸೇ, ಒಂದು ಕೇಳ್ತೆ. ನಿಂಗಳಲ್ಲಿ ರೋಗಿ ಯಾರೇ? ಮಂಚದ ಮೇಲೆ ಮಲಗಿದ್ದದ್ದಾ, ಕೆಳಗೆ ಕೂತಿದ್ದದ್ದಾ?"

"ಯಾಕ್ರಿ ಅಮ್ಮಾ?"

"ಯಂಗೆ ಕಾಲು ಮುರದ್ದು. ಕಣ್ಣು ಮುರದ್ದಿಲ್ಲೆ."

ಬಾವಿಗೆ ಹಾಲು ನಂಜು, ನಮ್ಮ ಅತ್ತೆ ಹೇಳಿ ಕಳಿಸಿದ್ದಾರೆ ಎಂದೆ.

"ಅದು ಸರಿ. ನಂಗಳ ಬದಿಗೂ ಹಂಗೇ ಹೇಳ್ತ," ಎಂದಳು ಅಜ್ಜಿ. "ಆದ್ರೆ ಡಾಕ್ಟರಂಗೆ ಅದು ಗೊತ್ತಿದ್ದನೇ? ಅಂವ ಇದು ಹಾಲು ಕುಡದ್ದು ಹೇಳಿಯೇ ತಿಳಕಂಡು ಔಷಧ ಮಾಡ್ತಾ ಇದ್ದ," ಎಂದಳು.

ಆ ಮಾತು ನನಗೆ ನಾಟಬೇಕಿತ್ತು. ನಾಟಲಿಲ್ಲ. ಈ ಮುದುಕಿ ನರ್ಸ್‌ಬಾಯಿಗೆ ಹೇಳಿಬಿಟ್ಟರೆ ಏನು ಗತಿ ಎಂದಷ್ಟೇ ಯೋಚಿಸಿದೆ. ಅವತ್ತಿನಿಂದ ಅಜ್ಜಿಗೆ ಬೆನ್ನು ಮಾಡಿ ಕೂತು ಕುಡಿಯತೊಡಗಿದೆ.

ಹನ್ನೊಂದನೆಯ ದಿನವೋ ಹನ್ನೆರಡನೆಯ ದಿನವೋ, ಬೆಳಗಿನ ಲೋಟ. ನಾನು ಅರ್ಧ ಕುಡಿದಿದ್ದೆ. ಮೇಲಿನಿಂದ ಅವಳ ದನಿ ಬಂತು.

"ಯಕ್ಕಾ."

"ಏನ?"

"ಒಂದ್ ಗುಟುಕು ಕೊಡ ನನಗ. ವಾಸನಿ ಭಾಳ ಚಲೋ ಬರಾಕತೈತಿ."

ಲೋಟದಲ್ಲಿ ಅರ್ಧ ಇತ್ತು. ಕೆನೆ ಅಂಚಿಗೆ ಅಂಟಿಕೊಂಡಿತ್ತು. ನಾನು, "ಬ್ಯಾಡ. ನಂಜಾಕ್ಕತಿ," ಎಂದೆ. ಎಂದು, ಉಳಿದದ್ದನ್ನೂ ಕುಡಿದೆ.

ಅವಳು ಮತ್ತೆ ಕೇಳಲಿಲ್ಲ. ಬೇಡ ಎಂದದ್ದು ಅತ್ತೆಯ ಮಾತಿಗಾಗಿಯೋ ನನ್ನ ನಾಲಗೆಗಾಗಿಯೋ? ಆವತ್ತು ನಾನು ಕೇಳಿಕೊಳ್ಳಲಿಲ್ಲ. ಆಮೇಲೆ ಕೇಳಿಕೊಂಡಾಗಲೆಲ್ಲ ಉತ್ತರ ಒಂದೇ ಬಂದಿದೆ, ಅದು ನನಗೆ ಅನುಕೂಲವಾದ ಉತ್ತರ ಅಲ್ಲ.

ಡಾಕ್ಟರರು ದಿನಾ ಬರುತ್ತಿದ್ದರು, ಕಾಲನ್ನು ಒತ್ತುತ್ತಿದ್ದರು, ಕುಳಿ ನೋಡುತ್ತಿದ್ದರು, ರಟ್ಟಿನ ಗೆರೆ ನೋಡುತ್ತಿದ್ದರು. ಗೆರೆಗಳು ನೇರವಾಗಿ ಸಾಲಾಗಿ ಇದ್ದವು. ಒಂದೂ ತಪ್ಪಿರಲಿಲ್ಲ. ಮತ್ತೆ ಮೂತ್ರ ಕಾಸಿದರು, ತಿಳಿ. ಮಲ ಪರೀಕ್ಷೆ ಮಾಡಿದರು, ಭೇದಿ ನಿಂತಿತ್ತು. ಯಕೃತ್ತು ಇರುವ ಜಾಗ ಒತ್ತಿ ನೋಡಿದರು. ಅವರ ಹುಬ್ಬು ಗಂಟಾಗುತ್ತಾ ಹೋಯಿತು.

"ಇಷ್ಟು ಹಾಲು ಒಳಗೆ ಹೋಗ್ತಾ ಇದೆ. ಹೊರಗೆ ಎಲ್ಲೂ ಸೋರ್ತಾ ಇಲ್ಲ. ಹಾಗಾದರೆ ಹೋಗುವುದೆಲ್ಲಿ?" ಎಂದು ನರ್ಸ್‌ಬಾಯಿಯನ್ನು ಕೇಳಿದರು. ನಾನು ಸೆರಗಿನಿಂದ ಲೋಟ ಒರೆಸುತ್ತಿದ್ದೆ.

ಹುಬ್ಬಳ್ಳಿಯಿಂದ ಒಂದು ಬಾಟ್ಲಿ ತರಿಸಿದರು. ಅದನ್ನು ತರಲು, ನಡುನಡುವೆ ಊರಿನಿಂದ ಬಂದುಹೋಗುತ್ತಿದ್ದ ನನ್ನ ಮೈದುನನನ್ನೇ ಕಳಿಸಿದರು. ಹುಲ್ಲಿನಲ್ಲಿ ಸುತ್ತಿದ ಬಾಟ್ಲಿಯನ್ನು ಅವನು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದ, ಕೂಸನ್ನು ತಂದ ಹಾಗೆ. ಯಾರೋ ಗಟ್ಟಿಮುಟ್ಟಾದವರ ರಕ್ತದಿಂದ ಕೆಂಪು ತೆಗೆದು ಉಳಿಸಿದ ಹಳದಿ ನೀರು ಅದು, ಆ ಸತ್ವ ಅದರಲ್ಲಿದೆ ಎಂದರು. ಅಂಥದ್ದು ಸುಲಭಕ್ಕೆ ಸಿಗುವುದಿಲ್ಲ, ಎರಡನೆಯದು ಸಿಗುತ್ತದೆಂಬ ಖಾತ್ರಿ ಇಲ್ಲ ಎಂದೂ ಹೇಳಿದರು. ಅವಳ ತೋಳಿನಲ್ಲಿ ನರ ಸಿಗಲು ಅರ್ಧ ತಾಸು ಬೇಕಾಯಿತು. ಬಾವಿನೊಳಗೆ ನರ ಮುಳುಗಿಹೋಗಿತ್ತು.

ಬಾಟ್ಲಿ ಏರಿಸಿದ ಮಾರನೇ ದಿನ ಅವಳಿಗೆ ಮೂತ್ರ ಸರಿಯಾಗಿ ಹೋಯಿತು. ಕಣ್ಣು ತೆರೆಯಿತು. ಎರಡು ದಿನ ಎಲ್ಲರೂ ಖುಷಿಯಾಗಿದ್ದರು, ನಾನೂ. ನಾಲ್ಕನೇ ದಿನ ಬಾವು ಮತ್ತೆ ಏರಿತು, ಮೊದಲಿಗಿಂತ ಹೆಚ್ಚು. ಅವಳ ಕಾಲಿನ ಚರ್ಮ ಬಿರಿದು ನೀರು ಒಸರಿತು, ಹಾಸಿಗೆ ಒದ್ದೆಯಾಯಿತು. ಉಸಿರಿಗೆ ಬಾಯಿ ತೆರೆಯುತ್ತಿದ್ದಳು.

ಡಾಕ್ಟರರು ಮೈದುನನನ್ನು ವರಾಂಡಕ್ಕೆ ಕರೆದರು. ಬಾಗಿಲ ಸಂದಿಯಿಂದ ನನಗೆ ಕೇಳಿಸಿತು.

"ಬಾಟ್ಲಿ ಅಂದರೆ ಎರಡು ದಿನದ ಆಸರೆ ಅಷ್ಟೇ. ಮೈ ತಾನೇ ಅದನ್ನು ಮಾಡಿಕೊಳ್ಳಬೇಕು, ತಿಂದದ್ದರಿಂದ. ಇವಳು ಇಷ್ಟು ತಿಂದರೂ ಮೈ ಮಾಡ್ಕೊಳ್ತಾ ಇಲ್ಲ. ಒಳಗೆ ಏನೋ ದೊಡ್ಡದು ಕೆಟ್ಟಿರಬೇಕು. ನನ್ನ ಕೈಯಲ್ಲಿ ಇನ್ನೇನೂ ಇಲ್ಲ. ಬೇಕಾದರೆ ಹುಬ್ಬಳ್ಳಿಗೆ ಕರಕೊಂಡು ಹೋಗು. ದಾರಿಯಲ್ಲಿ ಏನಾದರೂ ಆದರೆ ನಾನು ಹೇಳಲಾರೆ."

ಮೈದುನ ಗಟ್ಟಿ ಆಳು, ಎರಡು ಚೀಲ ಭತ್ತ ಒಟ್ಟಿಗೆ ಹೊರುವವನು. ಕಂಬ ಹಿಡಿದು ನಿಂತ. "ಮನಿಗೇ ಒಯ್ತೀನ್ರಿ ಹಂಗಾದ್ರ. ಅವ್ವಗ ಒಂದ್ ಮಾತು ಹೇಳಿ ಗಾಡಿ ತರ್ತೀನಿ," ಎಂದ. ಆವತ್ತೇ ಬಸ್ಸು ಹತ್ತಿದ.

ನಾನು ಒಳಗೆ ಬಂದೆ. ಹಾಲಿನ ಲೋಟ ಬಂದು ಕೂತಿತ್ತು. ಅಜ್ಜಿ ಆಚೆ ಮಂಚದಿಂದ ನನ್ನನ್ನೇ ನೋಡುತ್ತಿದ್ದಳು.

"ಆನು ಹೇಳ್ತ್ನಿಲ್ಲೆ. ನೀನೇ ಹೇಳು," ಎಂದಳು.

ಹೇಳಿದರೆ ಏನೇನಾಗುತ್ತದೆ ಎಂದು ನನಗೆ ಗೊತ್ತಿತ್ತು. ಹಾಲು ಕೊಡಲಿಲ್ಲ ಎಂದರೆ ಡಾಕ್ಟರರು ಬಯ್ಯುತ್ತಾರೆ, ಅದು ದೊಡ್ಡದಲ್ಲ. ಆಮೇಲೆ ಅವರು ಕೊಡು ಎನ್ನುತ್ತಾರೆ. ಕೊಟ್ಟು ಅವಳು ಸತ್ತರೆ, ಅತ್ತೆಯ ಮಾತು ಮೀರಿ ಓರಗಿತ್ತಿಯನ್ನು ಕೊಂದವಳು ನಾನಾಗುತ್ತೇನೆ. ಕೊಡದೆ ಸತ್ತರೆ ಯಾರೂ ನನ್ನನ್ನು ಏನೂ ಅನ್ನುವುದಿಲ್ಲ. ಸುಮ್ಮನಿರುವುದೇ ನನಗೆ ಲಾಭ. ಇಷ್ಟನ್ನೂ ಲೋಟದ ಎದುರು ಕೂತು ಯೋಚಿಸಿದೆ. ಕೆನೆ ಕಟ್ಟಿತು. ಹತ್ತೊಂಬತ್ತು ದಿನದಲ್ಲಿ ಮೊದಲ ಸಲ ಆ ಹಾಲು ನನಗೆ ಬೇಡವೆನ್ನಿಸಿತು. ಒಳ್ಳೆಯತನ ಬಂದು ಅಲ್ಲ, ಹೊಟ್ಟೆಯೊಳಗೆ ಹೆದರಿಕೆ ತುಂಬಿ ಜಾಗ ಇರಲಿಲ್ಲ.

ಲೋಟ ಹಿಡಿದುಕೊಂಡು ಡಾಕ್ಟರರ ಕೋಣೆಗೆ ಹೋದೆ. ಮೇಜಿನ ಮೇಲೆ ಇಟ್ಟೆ.

"ಇದನ್ನ ನಾ ಕುಡದೀನ್ರಿ," ಎಂದೆ.

"ಕುಡಿದರೆ ಕುಡಿದೆ. ಅದಕ್ಕೇನು?" ಎಂದರು ಅವರು, ತಲೆ ಎತ್ತದೆ. ದಪ್ಪ ಪುಸ್ತಕ ಓದುತ್ತಿದ್ದರು.

"ಇದಲ್ರಿ. ಎಲ್ಲಾ. ಹಾಲು ಶುರು ಆದ ದಿನದಿಂದ. ಅಕಿಗೆ ಒಂದ್ ಹನಿ ಕೊಟ್ಟಿಲ್ಲ. ಕಾಳೂ ನಾನ ತಿಂದೀನಿ. ಗೆರಿ ಎಲ್ಲಾ ಸುಳ್ಳು."

ಅವರು ಕನ್ನಡಕ ತೆಗೆದರು. ನಾನು ಅತ್ತೆಯ ಪಥ್ಯ, ನಂಜು, ಮೋರಿ ಎಲ್ಲ ಹೇಳಿದೆ. ಅವರು ಹೊಡೆದಿದ್ದರೂ ಸರಿಯಾಗಿತ್ತು. ಅವರು ಪುಸ್ತಕ ಮುಚ್ಚಿದರು.

"ಮೂರು ದಿನದಿಂದ ಇದರಲ್ಲಿ ಹುಡುಕ್ತಾ ಇದ್ದೇನೆ ಮಾರಾಯ್ತಿ, ಆ ಹಾಲು ಎಲ್ಲಿ ಹೋಗ್ತದೆ ಅಂತ," ಎಂದರು. "ಇದರಲ್ಲಿ ನಿನ್ನ ಹೊಟ್ಟೆಯ ವಿಷಯ ಬರೆದಿಲ್ಲ."

ನರ್ಸ್‌ಬಾಯಿಗೆ ಮಾತ್ರ ಅಷ್ಟು ಸಮಾಧಾನ ಇರಲಿಲ್ಲ. ರಟ್ಟು ಕಿತ್ತು ಎಸೆದಳು. "ಹುಬ್ಬಳ್ಳಿಯ ಬಾಟ್ಲಿ ದಂಡ ಆಯ್ತು. ಇನ್ನೊಬ್ಬರಿಗಾದರೂ ಆಗ್ತಿತ್ತು. ನನ್ನ ಕೈಯಿಂದ ಕುಡಿದು ನನಗೇ ಸುಳ್ಳು ಹೇಳಿದೆಯಲ್ಲ," ಎಂದಳು.

ಓರಗಿತ್ತಿ ಮೊದಲು ಬಾಯಿ ತೆರೆಯಲಿಲ್ಲ. ಹೆದರಿದ್ದಳು. "ಅತ್ತಿಗೆ ಗೊತ್ತಾದ್ರ?" ಎಂದಳು. "ಅತ್ತಿಗೆ ನಾ ಹೇಳ್ತೀನಿ," ಎಂದೆ. ಚಮಚದಿಂದ ಶುರು ಮಾಡಿದರು, ಒಮ್ಮೆಲೇ ಕೊಟ್ಟರೆ ತಡೆಯುವುದಿಲ್ಲ ಎಂದು. ಮೊದಲ ದಿನ ಅರ್ಧ ಲೋಟ, ಅದರಲ್ಲೂ ಸ್ವಲ್ಪ ವಾಂತಿಯಾಯಿತು. ಅವತ್ತೆಲ್ಲ ನಾನು ಅವಳ ಕಾಲು ನೋಡುತ್ತ ಕೂತೆ, ಎಲ್ಲಿ ಕೀವು ತುಂಬುತ್ತದೋ ಎಂದು. ಡಾಕ್ಟರರ ಮಾತು ನಂಬಿದ್ದೆ ಎಂದು ಹೇಳಿದರೆ ಸುಳ್ಳು. ನಂಬಿರಲಿಲ್ಲ. ಬೇರೆ ದಾರಿ ಇರಲಿಲ್ಲ ಅಷ್ಟೇ.

ಮನೆಗೆ ಹೋಗಿದ್ದ ಮೈದುನ ಗಾಡಿ ತರಲಿಲ್ಲ. ನಾಟಿಯ ಸಮಯ, ಅತ್ತೆಗೆ ಜ್ವರ, ಎತ್ತಿನ ಕಾಲು ಉಳುಕಿತ್ತು, ಏನೇನೋ ಸೇರಿ ಎರಡು ವಾರ ದಾಟಿತು. ಆ ಎರಡು ವಾರ ನಮಗೆ ಸಿಕ್ಕಿದ್ದು ಹಾಗೆ. ನಾಲ್ಕು ಲೋಟಕ್ಕೆ ಬಂದಳು. ಹೆಸರುಕಾಳು, ಹುರಿಗಡಲೆ ಹಿಟ್ಟು. ಬಾವು ಮೊದಲು ಮುಖದಿಂದ ಇಳಿಯಿತು, ಆಮೇಲೆ ಕೈಯಿಂದ, ಹೊಟ್ಟೆಯಿಂದ. ನೀರು ಇಳಿದಂತೆ ಒಳಗಿದ್ದವಳು ಕಂಡಳು. ಅದನ್ನು ನೋಡಲು ನಾನು ತಯಾರಿರಲಿಲ್ಲ. ಪಕ್ಕೆಲುಬು, ಭುಜದ ಮೂಳೆ, ಕೋಲಿನಂಥ ತೊಡೆ, ಒಳಗೆ ಹೋದ ಕೆನ್ನೆ. ಬಾವು ಅದನ್ನೆಲ್ಲ ಮುಚ್ಚಿಟ್ಟಿತ್ತು. ನಮ್ಮೆದುರಿಗೇ ಅವಳು ಉಪವಾಸ ಬಿದ್ದು ಒಣಗಿದ್ದಳು, ನಾವು ಗುಂಡಗಾದ ಮುಖ ನೋಡುತ್ತ ಇನ್ನಷ್ಟು ಪಥ್ಯ ಮಾಡಿಸಿದ್ದೆವು.

ಆ ಸ್ಥಿತಿಯಲ್ಲಿರುವಾಗ ಅತ್ತೆ ಬಂದರು, ಮಗನ ಜೊತೆ. ಬಾಗಿಲಲ್ಲಿ ನಿಂತು ಮಂಚ ನೋಡಿ ನನ್ನನ್ನು ಕೇಳಿದರು:

"ಅಕಿ ಎಲ್ಲಿ ಅದಾಳ?"

"ಅಕಿನ ಇಕಿ, ಅತ್ತಿ."

ಅತ್ತೆ ಹತ್ತಿರ ಬಂದರು. ಅವಳ ಮುಂಗೈ ಎತ್ತಿ ನೋಡಿ ಬಿಟ್ಟರು. ಅದು ಹಾಸಿಗೆಯ ಮೇಲೆ ಬಿತ್ತು.

"ಏನ್ ಮಾಡೀರಿ ನನ್ನ ಸೊಸಿಗೆ? ನಾ ಕಳಿಸಿದಾಗ ಮೈತುಂಬ ಇದ್ಲು. ಎಲುಬು ಉಳಿಸೀರಿ. ಏ ತಮ್ಮಾ, ಎತ್ತು ಅಕಿನ್ನ. ಸಾಯೂದಾದ್ರ ಮನಿಯೊಳಗ ಸಾಯಲಿ."

ಡಾಕ್ಟರರು ಬಂದು ತಿಳಿಸಿ ಹೇಳಿದರು. ಬಾವು ಇಳಿದಿದೆ, ಇನ್ನು ಮಾಂಸ ತುಂಬಬೇಕು, ಇನ್ನೂ ಒಂದು ತಿಂಗಳು ಇಲ್ಲಿರಬೇಕು, ಈಗ ಒಯ್ದು ಗಂಜಿಯ ತಿಳಿ ಕೊಟ್ಟರೆ ಉಳಿಯುವುದಿಲ್ಲ. ಅತ್ತೆ ಅವರಿಗೆ ಕೈ ಮುಗಿದರು.

"ಬಾವು ಇಳದೈತಿ, ಖರೆ ಸಾಹೇಬ್ರ. ಅದರ ಕೂಡ ಅಕೀನೂ ಇಳದಾಳ. ನಿಮ್ಮ ಉಪಕಾರ ಸಾಕು." ಆಮೇಲೆ ನನ್ನ ಕಡೆ ತಿರುಗಿದರು. "ಹಾಲು ಕೊಟ್ಟೇನ?"

"ಕೊಟ್ಟೀನ್ರಿ. ಹದಿನೈದು ದಿನ ಆತು."

"ಅದಕ್ಕ ಹಿಂಗಾಗೇತಿ."

ಮೈದುನ ಅವಳ ಕಂಕುಳಲ್ಲಿ ಕೈ ಹಾಕಿ ಕೂರಿಸಿದ. ಅವಳ ಕುತ್ತಿಗೆ ನಿಲ್ಲಲಿಲ್ಲ. ಆಗ ಅತ್ತೆ ನನ್ನನ್ನು ಸರಿಯಾಗಿ ನೋಡಿದರು, ಬಂದ ಮೇಲೆ ಮೊದಲ ಸಲ.

"ನಿನಗೇನಾಗೇತಿ? ನೀ ಯಾಕ ಉಬ್ಬೀ? ನಿನಗೂ ಬಾವು ಹತ್ತೇತೇನ?"

ನನ್ನ ಕುಪ್ಪಸದ ತೋಳು ಬಿಗಿಯಾಗಿ ಹೊಲಿಗೆ ಬಿಚ್ಚಿಕೊಂಡಿದ್ದೆ. ಗಲ್ಲ ತುಂಬಿತ್ತು. ನಾನು ಸೀರೆ ಮೊಣಕಾಲಿನವರೆಗೆ ಎತ್ತಿ ಕಾಲು ಮುಂದೆ ಮಾಡಿದೆ.

"ಒತ್ತಿ ನೋಡ್ರಿ."

ಅತ್ತೆ ಬಗ್ಗಿ ಹೆಬ್ಬೆರಳಿನಿಂದ ಒತ್ತಿದರು. ಗಟ್ಟಿಯಾಗಿ, ನನಗೆ ನೋಯುವಷ್ಟು. ಬೆರಳು ತೆಗೆದರು. ಕುಳಿ ಬೀಳಲಿಲ್ಲ. ಇನ್ನೊಂದು ಕಾಲು ಒತ್ತಿದರು. ತೋಳು ಹಿಡಿದು ಹಿಂಡಿದರು.

"ನೀರಲ್ಲ," ಎಂದರು.

"ಮಾಂಸ ಐತ್ರಿ. ನೀವು ಕಳಿಸಿದ ಮ್ಯಾಲೆ ಹತ್ತೊಂಬತ್ತು ದಿನ ಅಕಿ ಹಾಲು ನಾ ಕುಡದೀನಿ, ಅಕಿ ಕಾಳು ನಾ ತಿಂದೀನಿ. ಅಕಿಗೆ ಗಂಜಿ ಹಾಕೀನಿ. ಇದು ಅಕಿ ಮೈಮ್ಯಾಗ ಇರಬೇಕಾಗಿದ್ದ ಮಾಂಸ. ಗಂಜಿ ಕುಡದಾಕಿ ಅಲ್ಲಿ ಅದಾಳ, ಹಾಲು ಕುಡದಾಕಿ ಇಲ್ಲಿ ಅದೀನಿ. ನೋಡ್ರಿ."

ಇಡೀ ವಾರ್ಡಿಗೆ ಕೇಳಿಸಿತು. ಮೈದುನ ನನ್ನನ್ನು ನೋಡಿದ ರೀತಿ ಹೇಳುವುದಿಲ್ಲ. ಅವನು ಹೆಂಡತಿಯನ್ನು ಮೆಲ್ಲಗೆ ಮತ್ತೆ ಮಲಗಿಸಿದ. ಆಚೆಯ ಅಜ್ಜಿ ಮುಖವನ್ನು ಗೋಡೆಗೆ ತಿರುಗಿಸಿಕೊಂಡಳು.

ಅತ್ತೆ ನನ್ನ ತೋಳು ಇನ್ನೂ ಬಿಟ್ಟಿರಲಿಲ್ಲ.

"ಹಾಲು ಕೆಟ್ಟದ್ದಲ್ಲ ಅಂತಾತು," ಎಂದರು. "ನೀ ಕೆಟ್ಟಾಕಿ ಅಂತಾತು."

"ಹೂನ್ರಿ."

"ಸಂಜಿ ಬಸ್ಸಿಗೆ ಮನಿಗೆ ನಡಿ. ಎಮ್ಮಿ ನೋಡ್ಕೊ. ಇಲ್ಲಿ ನಾ ಕೂಡ್ತೀನಿ."

ನನ್ನ ಚಾಪೆ ಸುತ್ತಿಕೊಂಡೆ. ನಾನು ಹೇಳಿದ್ದರಲ್ಲಿ ಒಂದನ್ನು ಬಿಟ್ಟಿದ್ದೆ: ಅವಳು ಬಾಯಿಬಿಟ್ಟು ಒಂದು ಗುಟುಕು ಕೇಳಿದ್ದು, ನಾನು ಕೊಡದೆ ಇದ್ದದ್ದು. ಅವಳು ಎಚ್ಚರವಾಗಿದ್ದಳು, ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಬಿಟ್ಟದ್ದು ಅವಳಿಗೆ ಗೊತ್ತಾಗಿರಲೇಬೇಕು. ಈಗ ಹೇಳುತ್ತಾಳೆ ಎಂದು ನಿಂತೆ. ಅವಳು ಅತ್ತೆಯ ಕಡೆ ನೋಡಿ, "ನೀರು ಕೊಡ್ರಿ ಅತ್ತಿ," ಎಂದಳು, ಅಷ್ಟೇ.

ಬಸ್ಸಿನಲ್ಲಿ ನಮ್ಮೂರಿನ ಒಬ್ಬಳು ಸಿಕ್ಕಿ, ನಿನ್ನ ಓರಗಿತ್ತಿ ಹೇಗಿದ್ದಾಳೆ ಎಂದು ಕೇಳಿದ್ದಕ್ಕೆ, ಗೊತ್ತಿಲ್ಲ ಎಂದೆ. "ಇಷ್ಟು ದಿನ ಕೂಡೇ ಇದ್ದು ಗೊತ್ತಿಲ್ಲ ಅಂತೀಯಲ್ಲ," ಎಂದು ಅವಳು ನಕ್ಕಳು.

ಅತ್ತೆ ಐದು ವಾರ ಅಲ್ಲಿ ಕೂತರು. ನರ್ಸ್‌ಬಾಯಿ ಕಲಸಿದ ಹಾಲನ್ನು ಮೊದಲು ತಾವು ನಾಲಗೆಗೆ ಮುಟ್ಟಿಸಿ ನೋಡಿ ಆಮೇಲೆ ಕುಡಿಸುತ್ತಿದ್ದರಂತೆ, ತೆಳ್ಳಗಿದ್ದರೆ ವಾಪಸು ಕಳಿಸುತ್ತಿದ್ದರಂತೆ. ಭತ್ತ ಹೊಡೆ ಒಡೆದು ತೆನೆ ಹಾಯುವ ಹೊತ್ತಿಗೆ ಓರಗಿತ್ತಿ ಮನೆಗೆ ಬಂದಳು. ಬಸ್ಸಿಳಿದು ತಾನೇ ನಡೆದು ಬಂದಳು, ನಡುವೆ ಎರಡು ಕಡೆ ಕೂತು. ತಲೆಗೂದಲು ಪೂರಾ ಉದುರಿ ಸೆರಗು ನಿಲ್ಲುತ್ತಿರಲಿಲ್ಲ. ಆಮೇಲೆ ಎರಡು ಮಕ್ಕಳನ್ನು ಹೆತ್ತಳು. ಆ ಬಾಣಂತನಗಳಲ್ಲಿ ಅತ್ತೆ ಅವಳಿಗೆ ಬೇಳೆ ಕೊಟ್ಟರು, ಹಾಲು ಕೊಟ್ಟರು. ಊರಿನಲ್ಲಿ ಬೇರೆ ಯಾರಿಗಾದರೂ ಬಾವು ಬಂದರೆ ಮಾತ್ರ ಮೊದಲಿನ ಹಾಗೇ, ಹಾಲು ನಂಜು ಎನ್ನುತ್ತಿದ್ದರು. ನಿಮ್ಮ ಸೊಸೆಗೆ ಕೊಟ್ಟಿರಲ್ಲ ಎಂದರೆ, ಅವಳ ಬಾವೇ ಬೇರೆ ಎನ್ನುತ್ತಿದ್ದರು.

ಮನೆಯಲ್ಲಿ ಅತ್ತೆ ಹಾಲು ಕಾಸುವ ಕೆಲಸವನ್ನು ನನ್ನ ಕೈಯಿಂದ ತೆಗೆದರು, ಸಾಯುವವರೆಗೆ ಮತ್ತೆ ಕೊಡಲಿಲ್ಲ. ಅದು ಅವರು ಕೊಟ್ಟ ಶಿಕ್ಷೆ, ಸರಿಯಾಗಿತ್ತು. ಓರಗಿತ್ತಿ ಏನೂ ಕೊಡಲಿಲ್ಲ. ರೊಟ್ಟಿಗೆ, ನೀರಿಗೆ, ಮಕ್ಕಳ ಹೊಡೆದಾಟಕ್ಕೆ ನನ್ನ ಜೊತೆ ಎಷ್ಟೋ ಜಗಳ ಮಾಡಿದಳು, ಬಾಯಿಗೆ ಬಂದದ್ದೆಲ್ಲ ಅಂದಳು. ಪ್ರತಿ ಜಗಳದಲ್ಲೂ ಈಗ ಆ ಗುಟುಕಿನ ಮಾತು ತೆಗೆಯುತ್ತಾಳೆ ಎಂದು ನಾನು ಕಾಯುತ್ತಿದ್ದೆ, ಅರ್ಧಕ್ಕೇ ನಾನೇ ಸೋತು ಎದ್ದು ಹೋಗುತ್ತಿದ್ದೆ. ಅವಳು ತೆಗೆಯಲಿಲ್ಲ. ಮರೆತಿದ್ದಳೋ, ಇಟ್ಟುಕೊಂಡಿದ್ದಳೋ, ಕೇಳುವ ಧೈರ್ಯ ನನಗೆ ಆಗಲಿಲ್ಲ. ಈಗ ಕೇಳೋಣವೆಂದರೆ ಅವಳಿಗೆ ಕಿವಿ ಕೇಳಿಸುವುದಿಲ್ಲ. ಕೂಗಿ ಕೇಳುವ ವಿಷಯ ಅದಲ್ಲ.